ಮುತ್ತು ಉದುರಿಸಿದ ಮುತ್ತವ್ವ

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ನಮ್ಮ ಮನೆಗೆ ಒಂದು ಕಾಕಟೀಲ್, ಅಂದರೆ ಜುಟ್ಟಿರುವ ಸಣ್ಣ ಗಿಳಿ, ಬಂತು. ಬಳ್ಳಾರಿಯಲ್ಲಿ ನಾನು ಹೋದ ಹಕ್ಕಿ ಅಂಗಡಿಗಳಲ್ಲೆಲ್ಲ ಅದನ್ನು ಕಾಕ್‌ಟೇಲ್ ಅಂತಲೇ ಕರೆಯುತ್ತಾರೆ. ನಾನೂ ಫೋನಿನಲ್ಲಿ 'ಒಂದು ಕಾಕ್‌ಟೇಲ್ ತಗೊಂಡು ಬರ್ತಿದೀನಿ' ಅಂದಿದ್ದೆ. ಅಮ್ಮ ಬೇರೇನೋ ತಿಳಿದುಕೊಂಡು, ನಾನು ಬಾಗಿಲಿಗೆ ಬರುವಷ್ಟರಲ್ಲಿ ಬೈಗುಳ ರೆಡಿ ಇಟ್ಟುಕೊಂಡಿದ್ದಳು. ರಟ್ಟಿನ ಡಬ್ಬಿಯ ತೂತಿನಿಂದ ಒಂದು ಹಳದಿ ಜುಟ್ಟು ಇಣುಕಿದ್ದು ನೋಡಿ ಸುಮ್ಮನಾದಳು.

ಎರಡು-ಮೂರು ತಿಂಗಳ ಮರಿ. ಬೂದು ಮೈ, ಕೆನ್ನೆ ಮೇಲೆ ಮಾಸಲು ಕೇಸರಿ ಬೊಟ್ಟು, ಬೆನ್ನು ಮತ್ತು ರೆಕ್ಕೆ ತುಂಬ ಹಳದಿ ಬಿಳಿ ಚುಕ್ಕೆ. ಒಂದೊಂದು ಗರಿಯ ನಡುವೆಯೂ ಒಂದೊಂದು ಹನಿ ಬಿಟ್ಟಂತೆ, ಸುತ್ತ ಬೂದು ಅಂಚು. ಇದಕ್ಕೆ ಪರ್ಲ್ ಅನ್ನುತ್ತಾರೆ. ಸಾದಾ ಬೂದು ಹಕ್ಕಿಗಿಂತ ಜಾಸ್ತಿ ದುಡ್ಡು ಕೊಟ್ಟು ತಂದಿದ್ದೆ, ಆ ಚುಕ್ಕೆಗಳಿಗಾಗಿಯೇ. ಅಂಗಡಿಯವನು 'ಹೆಣ್ಣು ಸರ್, ಗ್ಯಾರಂಟಿ' ಅಂದ. ಅಮ್ಮ ಆ ಮುತ್ತುಗಳನ್ನು ನೋಡಿ ಮುತ್ತವ್ವ ಅಂತ ಹೆಸರಿಟ್ಟಳು.

ನಮ್ಮ ಮನೆಯಲ್ಲಿ ಕೆಳಗೆ ಜೀನ್ಸ್ ಹೊಲಿಯುವ ಸಣ್ಣ ಯುನಿಟ್ ಇದೆ. ಆರು ಮಷಿನ್, ಒಂದು ಓವರ್‌ಲಾಕ್. ಈ ಊರಿನಲ್ಲಿ ಇದೇನು ದೊಡ್ಡ ವಿಷಯ ಅಲ್ಲ, ಓಣಿಗೊಂದು ಇರುತ್ತದೆ. ಹಕ್ಕಿಯನ್ನು ಮೇಲಿನ ಪಡಸಾಲೆಯಲ್ಲಿ ಇಟ್ಟಿದ್ದೆವು, ಆದರೆ ದಾರ ಕತ್ತರಿಸುವ ಅಕ್ಕಂದಿರು ಊಟದ ಹೊತ್ತಿಗೆ ಅದರ ಮುಂದೆಯೇ ಬಂದು ಕೂರುತ್ತಿದ್ದರು. ಹಾಗಾಗಿ ಮುತ್ತವ್ವನ ಬಗ್ಗೆ ಅಭಿಪ್ರಾಯ ಹೇಳುವವರಿಗೆ ಬರವಿರಲಿಲ್ಲ.

ಶಿವರಾತ್ರಿ ಹೊತ್ತಿಗೆ ಗರಿ ಉದುರಲು ಶುರುವಾಯಿತು. ದಿನಾ ಬೆಳಿಗ್ಗೆ ಪಂಜರದ ತಟ್ಟೆಯಲ್ಲಿ ಹತ್ತು ಹದಿನೈದು ಚುಕ್ಕೆ ಗರಿ. ಮಗಳು ಅವನ್ನು ಆರಿಸಿ ಪುಸ್ತಕದೊಳಗೆ ಇಡುತ್ತಿದ್ದಳು. ಹೊಸ ಗರಿ ಬಂತು, ಆದರೆ ಅದರಲ್ಲಿ ಮುತ್ತಿಲ್ಲ. ಬರೀ ಬೂದು. ಮೊದಲು ಬೆನ್ನು ಹೋಯಿತು, ಆಮೇಲೆ ಹೆಗಲು. ಯುಗಾದಿ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಚುಕ್ಕೆ ಉಳಿದಿತ್ತು ಅಷ್ಟೇ. ನನಗೆ ಹೆದರಿಕೆ. ಕಾಳು ಸರಿ ಇಲ್ಲವೇನೋ, ರೋಗವೇನೋ ಅಂತ. ಅಕ್ಕಂದಿರಲ್ಲಿ ಒಬ್ಬಾಕೆ ಪಂಜರದ ಹತ್ತಿರ ಬಗ್ಗಿ ನೋಡಿ, 'ಅಣ್ಣಾ, ಇದು ವಾಶಿಂಗಿಗೆ ಹೋಗಿ ಬಂದೈತೆ. ಬಣ್ಣ ಹಚ್ಚಿ ಮಾರಿದಾರೆ ನಿಮಗೆ' ಅಂದಳು. ಜಾತ್ರೆಯಲ್ಲಿ ಗುಲಾಬಿ ಹಸಿರು ಬಣ್ಣ ಹಚ್ಚಿದ ಕೋಳಿಮರಿ ಮಾರುತ್ತಾರಲ್ಲ, ಆ ಥರ. ಎಲ್ಲರೂ ನಕ್ಕರು. ನನಗೂ ಒಳಗೊಳಗೇ ಅದೇ ಅನುಮಾನ ಬಂದಿತ್ತು ಅನ್ನುವುದನ್ನು ಆಗ ಹೇಳಲಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ನಡೆಯಿತು. ಅಲ್ಲಿಯವರೆಗೆ ಒಂದೇ ರಾಗದಲ್ಲಿ ಕೀ ಕೀ ಅನ್ನುತ್ತಿದ್ದ ಹಕ್ಕಿ ಸಿಳ್ಳೆ ಹೊಡೆಯಲು ಶುರು ಮಾಡಿತು. ಮೊದಲು ಕುಕ್ಕರ್. ಆಮೇಲೆ ಬೆಳಿಗ್ಗೆ ಬರುವ ಕಸದ ಗಾಡಿಯ ಹಾಡು, ಪೂರ್ತಿ ಅಲ್ಲ, ಮೊದಲ ನಾಲ್ಕು ಸ್ವರ. ಒಂದು ಸಲ ಎದುರು ಮನೆ ಅಜ್ಜಿ ಮಧ್ಯಾಹ್ನ ಮೂರು ಗಂಟೆ ಬಿಸಿಲಲ್ಲಿ ಕಸದ ಬಕೆಟ್ ಹಿಡಿದು ಗೇಟಿಗೆ ಬಂದು ನಿಂತಿದ್ದರು. ಜೊತೆಗೆ ಕನ್ನಡಿ ಮುಂದೆ ಹೋಗಿ ಎರಡೂ ರೆಕ್ಕೆಯ ಹೆಗಲನ್ನು ಮೈಯಿಂದ ಸ್ವಲ್ಪ ಅಗಲಿಸಿ, ಎದೆ ಮುಂದೆ ಮಾಡಿ, ಕೊಕ್ಕಿನಿಂದ ಟಕ್ ಟಕ್ ಅಂತ ಪಂಜರ ಬಡಿಯುವುದು. ಹಿಂದಿನಿಂದ ನೋಡಿದರೆ ಹೊಸ ಬೈಕು ತಗೊಂಡ ಹುಡುಗ ಕಾಲೇಜಿನ ಮುಂದೆ ನಿಂತಂತೆಯೇ.

ಆಗ ಓದಿದೆ, ನಾಲ್ಕು ಜನರನ್ನು ಕೇಳಿದೆ, ಗೊತ್ತಾಯಿತು. ಮುತ್ತವ್ವ ಹೆಣ್ಣಲ್ಲ. ಪರ್ಲ್ ಜಾತಿಯಲ್ಲಿ ಮರಿ ಇದ್ದಾಗ ಗಂಡು ಹೆಣ್ಣು ಎರಡಕ್ಕೂ ಮುತ್ತು ಇರುತ್ತದೆ. ಮೊದಲ ಸಲ ಗರಿ ಉದುರಿ ಹೊಸದು ಬರುವಾಗ ಗಂಡಿನ ಮೈಯಲ್ಲಿ ಬೂದು ಬಣ್ಣ ಜಾಸ್ತಿಯಾಗಿ ಮುತ್ತುಗಳನ್ನು ಮುಚ್ಚಿಬಿಡುತ್ತದೆ. ಹೆಣ್ಣಿಗೆ ಮಾತ್ರ ಕೊನೆಯವರೆಗೂ ಉಳಿಯುತ್ತದೆ. ಅಂದರೆ ಮುತ್ತಿಗಾಗಿ ಜಾಸ್ತಿ ದುಡ್ಡು ಕೊಡುವವರು ಹೆಣ್ಣೋ ಗಂಡೋ ಗೊತ್ತಿಲ್ಲದೆ ಮರಿ ತಂದರೆ ಎಷ್ಟೋ ಜನಕ್ಕೆ ನನ್ನ ಗತಿಯೇ. ಬಾಯಿ ಬಿಟ್ಟರೆ ಮುತ್ತು ಉದುರುತ್ತೆ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಅಕ್ಷರಶಃ ಆಯಿತು. ಬಾಯಿ ಬಿಟ್ಟ ತಿಂಗಳಲ್ಲೇ ಮುತ್ತೆಲ್ಲ ಉದುರಿತು. ಹೆಸರು ಮುತ್ತಪ್ಪ ಅಂತ ಬದಲಾಯಿತು. ಅಮ್ಮ ಈಗಲೂ ಮರೆತು ಮುತ್ತವ್ವ ಅನ್ನುತ್ತಾಳೆ, ಅವನೂ ಓಗೊಡುತ್ತಾನೆ.

ಅಂಗಡಿಯವನ ಮೇಲೆ ಸಿಟ್ಟು ಬಂದಿದ್ದು ನಿಜ. ಆದರೆ ಈಗ ಯೋಚನೆ ಮಾಡಿದರೆ ಅವನಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಆ ವಯಸ್ಸಿನಲ್ಲಿ ಬರೀ ಕಣ್ಣಿಂದ ನೋಡಿ ಹೇಳುವುದು ಕಷ್ಟ. ಕಾಕಟೀಲಿನ ಎಲ್ಲ ಮರಿಗಳೂ ನೋಡಲು ಹೆಣ್ಣಿನ ಥರವೇ ಇರುತ್ತವೆ. ಆರರಿಂದ ಒಂಬತ್ತು ತಿಂಗಳು, ಕೆಲವಕ್ಕೆ ಒಂದು ವರ್ಷ, ಕಾಯಬೇಕು. ಹಾಗಾಗಿ ಮೂರು ತಿಂಗಳ ಮರಿ ತೋರಿಸಿ 'ಗ್ಯಾರಂಟಿ ಗಂಡು' ಅಂದರೆ, ಅಪ್ಪ ಅಮ್ಮನ ಬಣ್ಣ ಏನು ಅಂತ ಕೇಳಿ. ಅದಕ್ಕೆ ಉತ್ತರ ಇಲ್ಲದಿದ್ದರೆ ಗ್ಯಾರಂಟಿಯೂ ಇಲ್ಲ. ಅಪ್ಪ ಅಮ್ಮನ ಬಣ್ಣ ಯಾಕೆ ಬೇಕು ಅಂತ ಆಮೇಲೆ ಹೇಳುತ್ತೇನೆ.

ಇದಾದ ಮೇಲೆ ನಮ್ಮ ಓಣಿಯಲ್ಲಿ ನಾನೊಬ್ಬ ಪಂಡಿತನಾದೆ. ಯಾರ ಮನೆಗೆ ಹಕ್ಕಿ ಬಂದರೂ 'ಸ್ವಲ್ಪ ನೋಡ್ರಿ, ಗಂಡೋ ಹೆಣ್ಣೋ' ಅಂತ ಕರೆಯುತ್ತಾರೆ. ಬಹಳ ಜನ ಮಾಡುವ ಮೊದಲ ತಪ್ಪು ಮೂಗು ನೋಡುವುದು. ನಾವು ಇಲ್ಲಿ ಲವ್ ಬರ್ಡ್ಸ್ ಅಂತ ಕರೆಯುವ ಸಣ್ಣ ಹಕ್ಕಿ, ಅದರ ನಿಜವಾದ ಹೆಸರು ಬಜರಿಗರ್, ಅದರಲ್ಲಿ ಕೊಕ್ಕಿನ ಮೇಲಿನ ಮೂಗಿನ ಜಾಗ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಅದೇ ಲೆಕ್ಕ ಕಾಕಟೀಲಿಗೂ ಹಾಕುತ್ತಾರೆ. ಆಗಲ್ಲ. ಎರಡೂ ಆಸ್ಟ್ರೇಲಿಯಾದವೇ ಆದರೂ ಇದರ ಮೂಗು ಏನೂ ಹೇಳಲ್ಲ. ನಮ್ಮ ಹಸಿರು ಗಿಳಿಗೆ ಗಂಡಾದರೆ ಕುತ್ತಿಗೆಗೆ ಕಪ್ಪು-ಗುಲಾಬಿ ಪಟ್ಟಿ ಬರುತ್ತದೆ, ಅದೂ ಇಲ್ಲಿ ಇಲ್ಲ. (ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಪಟ್ಟಿ ನೋಡಬೇಕೆಂದರೆ ಬೇವಿನ ಮರದಲ್ಲಿ ನೋಡಿ, ಮನೆಗೆ ತರಬೇಡಿ.)

ಸಾದಾ ಬೂದು ಕಾಕಟೀಲ್ ಸುಲಭ. ವಯಸ್ಸಿಗೆ ಬಂದ ಗಂಡಿನ ಮುಖ ಅರಿಶಿನ ಬಳಿದಂತೆ ಹಳದಿ, ಕೆನ್ನೆ ಬೊಟ್ಟು ಕೆಂಡದ ಬಣ್ಣ. ಹೆಣ್ಣಿನ ಮುಖ ಬೂದಾಗಿಯೇ ಉಳಿಯುತ್ತದೆ, ಬೊಟ್ಟು ಮಾಸಲು. ಆದರೆ ನಾನು ಮುಖಕ್ಕಿಂತ ಬಾಲ ನಂಬುತ್ತೇನೆ. ಹಕ್ಕಿ ಮೇಲೆ ಎತ್ತರದಲ್ಲಿ ಕೂತಿರುವಾಗ ಕೆಳಗೆ ಹೋಗಿ ನಿಂತು ಬಾಲದ ಅಡಿ ನೋಡಿ. ಹೆಣ್ಣಾದರೆ ಅಲ್ಲಿ ಹಳದಿ-ಬೂದು ಅಡ್ಡ ಗೆರೆ ಸಾಲಾಗಿ ಇರುತ್ತದೆ, ಇಳಕಲ್ ಸೀರೆಯ ಸೆರಗಿನ ಪಟ್ಟಿಯಷ್ಟು ಸ್ಪಷ್ಟ. ರೆಕ್ಕೆ ಬಿಚ್ಚಿದಾಗ ಉದ್ದ ಗರಿಗಳ ಕೆಳಮೈಯಲ್ಲೂ ಹಳದಿ ಚುಕ್ಕೆ ಕಾಣುತ್ತದೆ. ಗಂಡಿಗೆ ಗರಿ ಉದುರಿ ಬಂದ ಮೇಲೆ ಈ ಗೆರೆ ಚುಕ್ಕೆ ಎರಡೂ ಹೋಗಿ ಅಡಿಭಾಗ ಒಂದೇ ಗಾಢ ಬೂದು ಆಗುತ್ತದೆ. ಹಕ್ಕಿ ಹಿಡಿದು ಹಿಂಸೆ ಕೊಡುವ ಅಗತ್ಯವೇ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದು ಕಾಲು ಒಂದು ರೆಕ್ಕೆ ಚಾಚಿ ಮೈಮುರಿಯುತ್ತದಲ್ಲ, ಆಗ ಮೊಬೈಲ್ ಹಿಡಿದು ಫೋಟೋ ತೆಗೆದರೆ ಆಯಿತು. ಬಿಳಿ ಮುಖದ ವೈಟ್‌ಫೇಸ್ ಜಾತಿಗೂ ಹೆಚ್ಚುಕಡಿಮೆ ಇದೇ ಲೆಕ್ಕ, ಅರಿಶಿನದ ಬದಲು ಸುಣ್ಣ ಅಷ್ಟೇ.

ತೊಂದರೆ ಬರುವುದು ಲುಟಿನೋದಲ್ಲಿ. ಲುಟಿನೋ ಅಂದರೆ ಮೈಯೆಲ್ಲ ಹಾಲು-ಹಳದಿ, ಕೆಂಪು ಕಣ್ಣು. ಗಂಡು ಹೆಣ್ಣು ಎರಡಕ್ಕೂ ಹಳದಿ ಮುಖ, ಎರಡಕ್ಕೂ ಕೆಂಡದ ಬೊಟ್ಟು. ಇದರಲ್ಲೇ ನಾನು ಜಾರಿ ಬಿದ್ದಿದ್ದು. ಪಂಡಿತನಾದ ಹುಮ್ಮಸ್ಸಿನಲ್ಲಿ ಮುತ್ತಪ್ಪನಿಗೆ ಗೆಳೆಯ ಬೇಕು ಅಂತ, ಒಂದು ವರ್ಷ ದಾಟಿದ ಲುಟಿನೋ ತಂದೆ. ಬಾಲದ ಅಡಿ ನೋಡಿದೆ, ಗೆರೆ ಕಾಣಲಿಲ್ಲ. ಗಂಡು ಅಂತ ನಾನೇ ತೀರ್ಪು ಕೊಟ್ಟೆ. ಗುಂಡ ಅಂತ ಹೆಸರಿಟ್ಟೆವು. ಬೇರೆ ಪಂಜರದಲ್ಲಿ ಇಟ್ಟಿದ್ದೆವು, ಜಗಳ ಆಡಬಾರದು ಅಂತ.

ಆ ವರ್ಷದ ಮೇ ತಿಂಗಳು. ಬಳ್ಳಾರಿಯ ಮೇ ತಿಂಗಳ ಬಗ್ಗೆ ಹೊಸದಾಗಿ ಹೇಳುವುದು ಏನಿದೆ, ಎರಡೇ ಕಾಲ ನಮಗೆ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಒಂದು ಬೆಳಿಗ್ಗೆ ಗುಂಡ ಪಂಜರದ ತಳದಲ್ಲಿ ಮೈ ಉಬ್ಬಿಸಿಕೊಂಡು ಕೂತಿದ್ದಾನೆ. ಬಾಲ ಮೇಲೆ ಕೆಳಗೆ ಆಡುತ್ತಿದೆ. ಕಣ್ಣು ಅರ್ಧ ಮುಚ್ಚಿದೆ. ನವಣೆ ತೆನೆ ಕೊಟ್ಟರೆ ತಿರುಗಿಯೂ ನೋಡಲಿಲ್ಲ, ಅದು ಸಿಕ್ಕರೆ ಪ್ರಾಣ ಬಿಡುವ ಹಕ್ಕಿ. ನಾನು ಸೆಕೆ ಹೊಡೆದಿದೆ ಅಂದುಕೊಂಡು ಪಂಜರವನ್ನು ಒಯ್ದು ಕೂಲರ್ ಮುಂದೆ ಇಟ್ಟೆ.

ಪುಣ್ಯಕ್ಕೆ ಆ ಹೊತ್ತಿಗೆ ಚಾಚಾ ಬಂದರು. ಕೌಲ್ ಬಜಾರಿನವರು, ನಮಗೆ ಗುಂಡಿ-ಜಿಪ್ ಸಪ್ಲೈ ಮಾಡುತ್ತಾರೆ, ಮನೆ ಮಾಳಿಗೆ ತುಂಬ ಪಾರಿವಾಳ. ಒಂದು ನೋಟ ನೋಡಿ, 'ಏ, ಕೂಲರ್ ಬಂದ್ ಮಾಡಪ್ಪಾ ಮೊದಲು' ಅಂದರು. ಕೈ ತೊಳೆದುಕೊಂಡು ಹಕ್ಕಿಯನ್ನು ಹಗುರಾಗಿ ಹಿಡಿದು, ಹೊಟ್ಟೆಯ ಕೆಳಗೆ ಎರಡು ಸೂಜಿಯಂಥ ಎಲುಬು ಇರುತ್ತವೆ, ಅಲ್ಲಿ ಒಂದೇ ಬೆರಳು ಇಟ್ಟು ನೋಡಿದರು. ಒತ್ತಲಿಲ್ಲ. 'ಇದು ಗುಂಡ ಅಲ್ಲ, ಗುಂಡಮ್ಮ. ಒಳಗ ಮೊಟ್ಟೆ ಐತೆ.'

ಮೊಟ್ಟೆ ಸಿಕ್ಕಿಹಾಕಿಕೊಂಡರೆ ಹಕ್ಕಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಅದು ನನಗೆ ಗೊತ್ತಿರಲಿಲ್ಲ. ಹಕ್ಕಿ ನೋಡುವ ವೈದ್ಯರೊಬ್ಬರ ನಂಬರ್ ಹುಡುಕಿ ಫೋನ್ ಮಾಡಿದೆ. ಅವರು ಬೆಚ್ಚಗಿಡಿ, ಗಾಳಿಯಲ್ಲಿ ತೇವ ಇರಲಿ, ಹೊಟ್ಟೆ ಮಾತ್ರ ಒತ್ತಬೇಡಿ, ಮಧ್ಯಾಹ್ನದೊಳಗೆ ಹಾಕದಿದ್ದರೆ ಹೊರಟು ಬನ್ನಿ ಅಂದರು. ಅಂದರೆ ನಾನು ಮಾಡಿದ್ದರ ಪೂರ್ತಿ ಉಲ್ಟಾ. ಪಂಜರದ ಮೂರು ಕಡೆ ಬಟ್ಟೆ ಮುಚ್ಚಿ, ಪಕ್ಕದಲ್ಲಿ ಬಿಸಿನೀರಿನ ಪಾತ್ರೆ ಇಟ್ಟು ಕೂತೆವು. ಹೊರಗೆ 41 ಡಿಗ್ರಿ, ಒಳಗೆ ಫ್ಯಾನ್ ಬಂದ್, ನಾನು ಅಮ್ಮ ಚಾಚಾ ಮೂವರೂ ಬೆವರು ಸುರಿಸಿಕೊಂಡು ಹೆರಿಗೆ ವಾರ್ಡಿನ ಹೊರಗೆ ಕೂತವರಂತೆ. ಹನ್ನೆರಡೂವರೆಗೆ ಮೊಟ್ಟೆ ಬಂತು. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು, ಬಿಳಿ. ಗಂಡಿನ ಜೊತೆ ಒಂದು ದಿನವೂ ಇರದ ಹಕ್ಕಿ. ಹೆಣ್ಣು ಕಾಕಟೀಲಿಗೆ ಮೊಟ್ಟೆ ಇಡಲು ಗಂಡು ಬೇಕಂತಿಲ್ಲ, ಕೋಳಿಯ ಥರವೇ. ಮರಿ ಆಗಲ್ಲ ಅಷ್ಟೇ.

ಗಂಡೋ ಹೆಣ್ಣೋ ಅಂತ ತಿಳಿಯುವುದು ಬರೀ ಹೆಸರಿಡಲು ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಹೆಣ್ಣು ಅಂತ ಗೊತ್ತಿದ್ದರೆ ಕ್ಯಾಲ್ಸಿಯಂ ಮೇಲೆ ಗಮನ ಇರುತ್ತಿತ್ತು. ಬರೀ ಕಾಳು, ಸೂರ್ಯಕಾಂತಿ ಬೀಜ ತಿಂದ ಹಕ್ಕಿಗೆ ಕ್ಯಾಲ್ಸಿಯಂ ಸಾಲದು. ಅಂಗಡಿಯಲ್ಲಿ ಕಟಲ್‌ಬೋನ್ ಅಂತ ಬಿಳಿ ತುಂಡು ಸಿಗುತ್ತದೆ, ಅದನ್ನು ಪಂಜರಕ್ಕೆ ಕಟ್ಟಬೇಕು. ನುಗ್ಗೆ ಸೊಪ್ಪು ಕೊಡಬೇಕು, ಬೆಳಗಿನ ಎಳೆ ಬಿಸಿಲು ಕಾಣಿಸಬೇಕು. ಗುಂಡ ಗಂಡಲ್ಲವಾ ಅಂತ ಇದ್ಯಾವುದನ್ನೂ ಮಾಡಿರಲಿಲ್ಲ.

ಹಾಗಾದರೆ ಬಾಲದ ಗೆರೆ ಯಾಕೆ ಕಾಣಲಿಲ್ಲ? ಗೆರೆ ಇತ್ತು. ಬಿಳಿ ಮೇಲೆ ತಿಳಿ ಹಳದಿ ಗೆರೆ, ಟ್ಯೂಬ್‌ಲೈಟಿನಲ್ಲಿ ಕಾಣಲ್ಲ. ಆ ಸಂಜೆ ಉದುರಿದ್ದ ಒಂದು ಬಾಲದ ಗರಿಯನ್ನು ಕೆಳಗೆ ಚೆಕಿಂಗ್ ಟೇಬಲ್‌ಗೆ ಒಯ್ದು, ಬಟ್ಟೆಯಲ್ಲಿ ಎಳೆ ಬಿಟ್ಟಿದೆಯಾ ಅಂತ ನೋಡುವ ಥರ ಹಿಂದಿನಿಂದ ಟಾರ್ಚ್ ಹಿಡಿದೆ. ಬಂತು ನೋಡಿ. ಬೆಣ್ಣೆ ಬಣ್ಣದ ಸಣ್ಣ ಸಣ್ಣ ಅಡ್ಡ ಗೆರೆ, ಬುಡದಿಂದ ತುದಿವರೆಗೆ. ಲುಟಿನೋ ಇರುವವರು ದಯವಿಟ್ಟು ಹೀಗೆ ನೋಡಿ, ಬಿಸಿಲಿಗೆ ಹಿಡಿದರೂ ಆಗುತ್ತದೆ.

ಚಾಚಾ ಎಲುಬು ಮುಟ್ಟಿ ಹೇಳಿದ್ದು ಸರಿಯಾಯಿತು, ಆದರೆ ಅದನ್ನೇ ಎಲ್ಲ ಕಡೆ ನಂಬಬೇಡಿ. ಹೆಣ್ಣಿಗೆ ಆ ಎರಡು ಎಲುಬಿನ ನಡುವೆ ಜಾಗ ಜಾಸ್ತಿ ಅನ್ನುವುದು ನಿಜ, ಮೊಟ್ಟೆ ಇಡುವ ಹೊತ್ತಿಗಂತೂ ಇನ್ನೂ ಜಾಸ್ತಿ. ಆದರೆ ಮರಿಗಳಲ್ಲಿ ಅದು ಏನೂ ಹೇಳಲ್ಲ, ಕೈ ಪಳಗದವರಿಗೆ ದೊಡ್ಡ ಹಕ್ಕಿಯಲ್ಲೂ ಹೇಳಲ್ಲ. ನಮ್ಮ ಯುನಿಟ್ಟಿನ ಅಕ್ಕ ಒಬ್ಬಳು ಸೂಜಿಗೆ ದಾರ ಪೋಣಿಸಿ ಹಕ್ಕಿಯ ತಲೆ ಮೇಲೆ ತೂಗುಬಿಟ್ಟು, ಸುತ್ತಿದರೆ ಹೆಣ್ಣು ಉದ್ದಕ್ಕೆ ಆಡಿದರೆ ಗಂಡು ಅಂತ ಪರೀಕ್ಷೆ ಮಾಡುತ್ತಾಳೆ. ಮುತ್ತಪ್ಪ ಆ ಸೂಜಿಯನ್ನೇ ಕಿತ್ತುಕೊಳ್ಳಲು ಹಾರಿದ. ಹಾಗೇ 'ಎರಡೂ ಮುದ್ದು ಮಾಡ್ತಾವೆ, ಜೋಡಿ ಸರ್' ಅನ್ನುವುದನ್ನೂ ನಂಬಬೇಡಿ. ಎರಡು ಹೆಣ್ಣುಗಳೂ ಜೋಡಿಯಂತೆ ಇರುತ್ತವೆ, ಎರಡು ಗಂಡುಗಳೂ ತಲೆ ಸವರಿಕೊಂಡು ಇರುತ್ತವೆ. ಸಾಮಾನ್ಯವಾಗಿ ಒಂದು ಸಲಕ್ಕೆ ನಾಲ್ಕರಿಂದ ಏಳು ಮೊಟ್ಟೆ. ಗೂಡಿನಲ್ಲಿ ಒಂಬತ್ತು ಹತ್ತು ಕಂಡು, ಒಂದೂ ಮರಿಯಾಗದಿದ್ದರೆ ನಿಮ್ಮ ಜೋಡಿ ಅಕ್ಕತಂಗಿಯರಿರಬಹುದು.

ಪೈಡ್ ಅಂತ ಬೂದು-ಹಳದಿ ತೇಪೆ ತೇಪೆ ಬಣ್ಣದ್ದು ಒಂದಿದೆ. ಅದರಲ್ಲಿ ಗೆರೆ ಚುಕ್ಕೆ ಎಲ್ಲ ಕಲಸುಮೇಲೋಗರ, ಮುಖವೂ ಎರಡಕ್ಕೂ ಹಳದಿ, ಕಣ್ಣಿಂದ ಹೇಳಲು ಆಗುವುದೇ ಇಲ್ಲ. ಮೈಯಲ್ಲಿ ಹಳದಿಯೇ ಇಲ್ಲದ ಪೂರ್ತಿ ಬಿಳಿ ಹಕ್ಕಿಯೂ ಅಷ್ಟೇ. ಸಿಳ್ಳೆ ಹೊಡೆಯುತ್ತದಾ, ಎದೆ ಉಬ್ಬಿಸುತ್ತದಾ ಅಂತ ಸುಳಿವು ಹಿಡಿಯಬಹುದು, ಆದರೆ ಸಿಳ್ಳೆ ಹೊಡೆಯುವ ಹೆಣ್ಣುಗಳೂ ಉಂಟು, ಬಾಯಿ ಬಿಡದ ಗಂಡುಗಳೂ ಉಂಟು. ಖಚಿತ ಬೇಕೆಂದರೆ ಡಿಎನ್ಎ ಪರೀಕ್ಷೆಯೇ. ಎದೆಯಿಂದ ಬೇರು ಸಮೇತ ಕಿತ್ತ ಕೆಲವು ಗರಿ ಅಥವಾ ಉಗುರಿನ ತುದಿಯ ಒಂದು ಹನಿ ರಕ್ತ ಕೊರಿಯರ್‌ನಲ್ಲಿ ಲ್ಯಾಬಿಗೆ ಕಳಿಸುವುದು. ತಟ್ಟೆಯಲ್ಲಿ ಬಿದ್ದ ಹಳೇ ಗರಿ ಕಳಿಸಿದರೆ ಪ್ರಯೋಜನ ಕಡಿಮೆ. ಗರಿಯಾಗಲಿ ರಕ್ತವಾಗಲಿ ಕೈ ಪಳಗಿದವರೇ ತೆಗೆಯಲಿ. ಈ ಪರೀಕ್ಷೆಗೆ ವಯಸ್ಸಿನ ಲೆಕ್ಕವಿಲ್ಲ, ಮರಿಗೂ ಆಗುತ್ತದೆ.

ಈಗ ಅಪ್ಪ ಅಮ್ಮನ ಬಣ್ಣದ ವಿಷಯ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಅನ್ನುವುದು ಅಪ್ಪನ ಕಡೆಯಿಂದ ಬರುವ ಕ್ರೋಮೋಸೋಮಿನ ಮೇಲೆ ನಿಂತಿದೆ. ಆದರೂ ನಮ್ಮ ಕಡೆ ಮೂರು ಹೆಣ್ಣು ಹೆತ್ತರೆ ಬೈಸಿಕೊಳ್ಳುವವಳು ಸೊಸೆಯೇ, ಅದು ಬಿಡಿ. ಹಕ್ಕಿಗಳಲ್ಲಿ ಇದು ತಿರುವುಮುರುವು. ಗಂಡಿಗೆ ಜೆಡ್ ಕ್ರೋಮೋಸೋಮು ಎರಡು, ಹೆಣ್ಣಿಗೆ ಒಂದು ಜೆಡ್ ಒಂದು ಡಬ್ಲ್ಯೂ. ಮರಿ ಏನಾಗಬೇಕು ಅನ್ನುವುದು ತಾಯಿಯ ಕಡೆಯಿಂದ ತೀರ್ಮಾನ. ಪರ್ಲ್ ಮತ್ತು ಲುಟಿನೋ ಎರಡರ ಗುಣವೂ ಇರುವುದು ಜೆಡ್ ಮೇಲೆ. ಹೆಣ್ಣುಮರಿಗೆ ಜೆಡ್ ಒಂದೇ, ಅದೂ ಅಪ್ಪನಿಂದ ಬಂದದ್ದು, ಹಾಗಾಗಿ ಪರ್ಲ್ ಅಪ್ಪನ ಹೆಣ್ಣುಮರಿಗಳೆಲ್ಲ ಪರ್ಲ್ ಆಗಲೇಬೇಕು. ಗಂಡುಮರಿಗೆ ಇನ್ನೊಂದು ಜೆಡ್ ಅಮ್ಮನಿಂದ ಬರುತ್ತದೆ, ಅದರಲ್ಲಿ ಪರ್ಲ್ ಇಲ್ಲದಿದ್ದರೆ ಮುತ್ತು ಕಾಣಿಸಿಕೊಳ್ಳಲ್ಲ. ಒಂದು ಸಲ ಕಾಗದದ ಮೇಲೆ ಬರೆದು ನೋಡಿ, ಅರ್ಥ ಆಗುತ್ತದೆ.

ಇದು ನಮ್ಮ ಮನೆಯಲ್ಲೇ ಪರೀಕ್ಷೆಯಾಯಿತು. ಗುಂಡಮ್ಮ ಸುಧಾರಿಸಿಕೊಂಡು, ಎರಡು ವರ್ಷ ದಾಟಿದ ಮೇಲೆ, ಮಳೆ ಬಿದ್ದು ತಂಪಾದಾಗ ಇಬ್ಬರನ್ನೂ ಒಂದೇ ಪಂಜರಕ್ಕೆ ಬಿಟ್ಟು ಮರದ ಪೆಟ್ಟಿಗೆ ಕಟ್ಟಿದೆ. ಐದು ಮೊಟ್ಟೆ. ಹಗಲು ಮುತ್ತಪ್ಪನ ಪಾಳಿ, ರಾತ್ರಿ ಗುಂಡಮ್ಮನ ಪಾಳಿ, ನಮ್ಮ ಯುನಿಟ್ಟಿಗಿಂತ ಶಿಸ್ತು. ಸುಮಾರು ಇಪ್ಪತ್ತು ದಿನಕ್ಕೆ ಮೂರು ಮರಿ ಒಡೆದವು. ಮೂರೂ ಕಪ್ಪು ಕಣ್ಣಿನವು. ಅಮ್ಮ ಕೆಂಪು ಕಣ್ಣಿನ ಬಿಳಿ ಹಕ್ಕಿ, ಮರಿ ಒಂದೂ ಹಾಗಿಲ್ಲ ಅಂತ ಅಕ್ಕಂದಿರು ಮುತ್ತಪ್ಪನ ಮುಖ ನೋಡಿ ನಕ್ಕರು. ನಗಲಿ. ಲೆಕ್ಕ ಹಾಗೇ ಬರಬೇಕಿತ್ತು, ಲುಟಿನೋ ಅಮ್ಮ ತನ್ನ ಬಣ್ಣವನ್ನು ಗಂಡುಮಕ್ಕಳಿಗೆ ಮಾತ್ರ ಕೊಡುತ್ತಾಳೆ, ಅದೂ ಒಳಗೇ ಅಡಗಿರುತ್ತದೆ.

ಎರಡು ಮೂರು ವಾರಕ್ಕೆ ಮುಳ್ಳಿನಂಥ ಗರಿಗಳು ಬಿಚ್ಚಿದವು. ಮುಳ್ಳಿನ ತುದಿ ಒಡೆದು ಸಣ್ಣ ಕುಂಚದ ಹಾಗೆ ಅರಳುತ್ತದೆ, ಸುತ್ತ ಪೌಡರಿನಂಥ ಬಿಳಿ ಧೂಳು. ಒಂದು ಮರಿಯ ಹೆಗಲು ಪೂರ್ತಿ ಬೂದು. ಉಳಿದ ಎರಡರ ಹೆಗಲ ಮೇಲೆ ಹಳದಿ ಹನಿ ಸಾಲು ಸಾಲಾಗಿ. ನಾನು ಅಮ್ಮನಿಗೆ ಅಲ್ಲೇ ಹೇಳಿದೆ, ಬೂದು ಇರುವವನು ಹುಡುಗ, ಇವರಿಬ್ಬರು ಹುಡುಗಿಯರು. ಈ ಸಲ ಆರು ತಿಂಗಳು ಕಾಯಬೇಕಿಲ್ಲ.

ಅಮ್ಮ ಕನ್ನಡಕ ಹಾಕಿಕೊಂಡು ಬಂದು ಪೆಟ್ಟಿಗೆಯೊಳಗೆ ಬಹಳ ಹೊತ್ತು ನೋಡಿದಳು. ಒಂದರ ಹೆಗಲನ್ನು ಬೆರಳ ತುದಿಯಿಂದ ಸವರಿದಳು. ಅದು ಹಾವಿನ ಥರ ಬುಸ್ ಅಂತು. 'ಇದು ಮುತ್ತವ್ವ' ಅಂದಳು. ಆಮೇಲೆ ನನ್ನ ಕಡೆ ತಿರುಗಿ, 'ಇದರ ಬಣ್ಣ ಹೋಗಲ್ಲ ಅಲ್ವಾ?' ಅಂದಳು.